ಕಾರಿಗೆ ಹೊಸ ದೀಪ, ಅತ್ತೆಯ ಮನೆಗೆ ಬೆಳಕು

ಸ್ವಂತ ಕಾರು ಇದೆ ಎಂಬ ಒಂದೇ ಕಾರಣಕ್ಕೆ ಊಟ ತಪ್ಪಿಸಿಕೊಂಡವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಕಾರಿಲ್ಲದ ಪುಣ್ಯವಂತರು ಬೀಗರ ಮನೆಯ ಕಾರ್ಯಗಳಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಸಾವಕಾಶವಾಗಿ ಕುಳಿತು ಉಣ್ಣುತ್ತಾರೆ, ಎಲೆಅಡಿಕೆ ಹಾಕಿಕೊಳ್ಳುತ್ತಾರೆ, ಅಲ್ಲೇ ಪಡಸಾಲೆಯ ಜಮಖಾನೆಯ ಮೇಲೆ ಉರುಳುತ್ತಾರೆ, ಬೆಳಿಗ್ಗೆ ಚುರುಮುರಿಯ ಸೂಸಲ ತಿಂದು ಚಹಾ ಕುಡಿದು ಊರಿಗೆ ಮರಳುತ್ತಾರೆ. ನನ್ನ ಹಣೆಬರಹ ಹಾಗಿಲ್ಲ. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಮುಂದೆ ಒಂದು ಹಳೆಯ ಕಾರಿದೆ. ಅದನ್ನು ನಡೆಸಲು ನಾನಿದ್ದೇನೆ, ಪಕ್ಕದಲ್ಲಿ ಕೂರಲು ನನ್ನ ಹೆಂಡತಿ ಸುಮಂಗಲಾ ಇದ್ದಾಳೆ. ಆದರೆ ಆಕೆಯದೊಂದು ಕಾಯಿದೆಯೂ ಇದೆ. ಕತ್ತಲಾದ ಮೇಲೆ ನಾನು ನಡೆಸುವ ಕಾರಿನಲ್ಲಿ ಆಕೆ ಕೂರುವುದಿಲ್ಲ. "ಹೊತ್ತು ಮುಳುಗೂದ್ರಾಗ ಮನಿ ಮುಟ್ಟೂದಿದ್ರ ಬರ್ತೇನಿ, ಇಲ್ಲಂದ್ರ ಬಸ್ಸಿಗೆ ಹೋಗ್ತೇನಿ" ಎಂದು ಮದುವೆಯ ಕರೆಯೋಲೆ ಕೈಗೆ ಬಂದ ಕ್ಷಣವೇ ಹೇಳಿಬಿಡುತ್ತಾಳೆ.

ಈ ಕಾಯಿದೆಯ ಕ್ರೌರ್ಯ ಏನೆಂಬುದು ನಮ್ಮ ಕಡೆಯ ಊಟ ಉಂಡವರಿಗಷ್ಟೇ ಗೊತ್ತು. ನಮ್ಮಲ್ಲಿ ಸಂಜೆಯ ಕಾರ್ಯಗಳಲ್ಲಿ ಪಂಕ್ತಿ ಕೂರುವುದೇ ದೀಪ ಹಚ್ಚಿದ ಮೇಲೆ. ಅಷ್ಟು ಹೊತ್ತಿಗೆ ನಾನು ಊರ ಹೊರಗಿನ ಪೆಟ್ರೋಲ್ ಪಂಪು ದಾಟಿರುತ್ತೇನೆ. ಹೋದ ಸಲ ಬಾದಾಮಿಯಲ್ಲಿ ಗೆಳೆಯನ ಮನೆಯ ವಾಸ್ತುಶಾಂತಿ ಇತ್ತು. ಹಿತ್ತಿಲಲ್ಲಿ ಹೋಳಿಗೆ ಬೇಯುತ್ತಿದ್ದವು. ಆ ವಾಸನೆಗೆ ನಾನು ಯಾವ ಕೋಣೆಯನ್ನು ನೋಡಿದೆ, ಯಾವ ಕೋಣೆಯನ್ನು ಹೊಗಳಿದೆ ಎಂಬುದು ಒಂದೂ ನೆನಪಿಲ್ಲ. ಇನ್ನೇನು ಎಲೆ ಹಾಕುತ್ತಾರೆ ಎನ್ನುವಾಗ ಸುಮಂಗಲಾ ಬಾಗಿಲಲ್ಲಿ ನಿಂತು ಪಶ್ಚಿಮದ ಕಡೆ ನೋಡಿದಳು. ನಾನೂ ನೋಡಿದೆ. ಬಾದಾಮಿಯ ಗುಡ್ಡದ ಕೆಂಪು ಇನ್ನಷ್ಟು ಕೆಂಪಾಗಿತ್ತು. ಬೇರೆ ಊರಿನವರು ಆ ನೋಟಕ್ಕಾಗಿ ಕ್ಯಾಮೆರಾ ಹಿಡಿದು ಕಾಯುತ್ತಾರಂತೆ. ನಾನು ಅದನ್ನು ಮನಸ್ಸಿನಲ್ಲೇ ಬೈದು ಕಾರಿನ ಕೀಲಿ ಕೈಗೆತ್ತಿಕೊಂಡೆ. ಗೆಳೆಯನ ತಾಯಿ ಮರುಗಿ ಎರಡು ಹೋಳಿಗೆಯನ್ನು ಡಬ್ಬಿಗೆ ಹಾಕಿಕೊಟ್ಟರು. ಮನೆಗೆ ಬಂದು ತಣ್ಣಗಿನ ಹೋಳಿಗೆಯನ್ನು ಟಿವಿಯ ಮುಂದೆ ಕುಳಿತು ತಿಂದೆ. ತುಪ್ಪ ನಮ್ಮ ಮನೆಯದು.

ಆಕೆಯ ಭಯಕ್ಕೆ ಕಾರಣವಿಲ್ಲದಿಲ್ಲ. ಒಂದು ಸಂಜೆ ಹುನಗುಂದದಿಂದ ಬರುವಾಗ ರಸ್ತೆಯಲ್ಲಿ ಎಮ್ಮೆಯೊಂದು ಮಲಗಿತ್ತು. ನಾನು ಗಾಡಿ ನಿಲ್ಲಿಸಿ ಹಾರ್ನ್ ಹೊಡೆದೆ. ಅದು ಏಳಲಿಲ್ಲ. ಮತ್ತೆ ಹೊಡೆದೆ. ಎಮ್ಮೆಗಳ ಸ್ವಭಾವ ನನಗೆ ಹೊಸದೇನಲ್ಲ, ಚಿಕ್ಕಂದಿನಿಂದ ನೋಡಿದ್ದೇನೆ. ಆದ್ದರಿಂದ ಸಮಾಧಾನದಿಂದ ಕಾಯುತ್ತ ಕುಳಿತೆ. ಕೊನೆಗೆ ಸುಮಂಗಲಾ ಇಳಿದು ಹೋಗಿ ಆ ಎಮ್ಮೆಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ ನಿಂತಳು. ಅದು ರಸ್ತೆ ರಿಪೇರಿಯವರು ತಾಡಪತ್ರಿ ಹೊದಿಸಿಟ್ಟ ಜಲ್ಲಿಯ ಗುಡ್ಡೆಯಾಗಿತ್ತು. "ಕಣ್ಣ ತೋರಸ್ರಿ ಅಂತ ಎಷ್ಟ್ ಸರ್ತಿ ಹೇಳ್ಲಿ ನಿಮಗ?" ಎಂದಳು. ನಾನು ತಪ್ಪನ್ನು ಕಾರಿನ ಮೇಲೆ ಹಾಕಿದೆ. "ಕಣ್ಣೇನಾಗ್ಯಾವ? ಈ ಲೈಟ್ ನೋಡು, ಮಿಣಕ್ ಮಿಣಕ್ ಅಂತಾವು. ಇದರಾಗ ಯಾರಿಗರೆ ಎಮ್ಮಿನ ಕಾಣ್ಸಬೇಕು" ಎಂದೆ. ನಿಜ ಹೇಳಬೇಕೆಂದರೆ ಕಾರಿನ ದೀಪಗಳ ಗಾಜು ಹಳದಿಗಟ್ಟಿತ್ತು. ಅಷ್ಟು ಆಧಾರ ಸಾಕಾಗಿತ್ತು ನನಗೆ. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಆಕೆಯದು ಕಣ್ಣಿನ ಪಕ್ಷ, ನನ್ನದು ಬಲ್ಬಿನ ಪಕ್ಷ.

ಹೀಗಿರುವಾಗ ಇಳಕಲ್ಲಿನಿಂದ ನನ್ನ ಹೆಂಡತಿಯ ತಮ್ಮ ಮಲ್ಲಣ್ಣನ ಫೋನು ಬಂತು. ಅವನ ಎರಡನೆಯ ಕೂಸಿಗೆ ತೊಟ್ಟಿಲ ಕಾರ್ಯ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು. ಅಂದರೆ ಸುಮಂಗಲಾಳದು. ಆಕೆ ಇಲ್ಲದೆ ಕಾರ್ಯ ಆಗುವಂತಿಲ್ಲ. ಮುಹೂರ್ತ ಮಾತ್ರ ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ! ಆಕೆ ಫೋನು ಇಟ್ಟು ನಿರ್ವಿಕಾರವಾಗಿ, "ನಾ ಮಧ್ಯಾಹ್ನದ ಬಸ್ಸಿಗೆ ಹೋಗಿ, ಅಲ್ಲೇ ವಸ್ತಿ ಮಾಡಿ ಬರ್ತೇನಿ. ನೀವು ಆರಾಮ ಮನ್ಯಾಗಿರ್ರಿ" ಎಂದಳು.

ಈ ಮಾತು ನನ್ನನ್ನು ಎಲ್ಲಿ ತಟ್ಟಬೇಕೋ ಅಲ್ಲಿಯೇ ತಟ್ಟಿತು. ಹೋಳಿಗೆ ಹೋದರೆ ಹೋಗಲಿ ಎಂದು ಎಷ್ಟೋ ಸಲ ಸುಮ್ಮನಾಗಿದ್ದೇನೆ. ಆದರೆ ಮನೆಯ ಮುಂದೆ ಕಾರು ನಿಂತಿರುವಾಗ ಹೆಂಡತಿ ಬಸ್ಸಿನಿಂದ ಇಳಿದು, ಚೀಲ ಹಿಡಿದುಕೊಂಡು ತವರುಮನೆಗೆ ನಡೆದುಹೋಗುವುದೆಂದರೆ? ಇಳಕಲ್ಲಿನ ಆ ಓಣಿಯಲ್ಲಿ ನಾನು ಹಿರಿಯ ಅಳಿಯ. ಓಣಿಯವರು ಕಟ್ಟೆಯ ಮೇಲೆ ಕುಳಿತು, "ಅಳ್ಯಾರು ಎಲ್ಲೆವಾ?" ಎಂದು ಕೇಳುತ್ತಾರೆ. "ಅವರಿಗೆ ಕತ್ತಲ್ದಾಗ ಕಾಣಂಗಿಲ್ರಿ" ಎಂದು ಇವಳು ಹೇಳುತ್ತಾಳೆ. ಆಮೇಲೆ ನಾನು ಆ ಓಣಿಯಲ್ಲಿ ಯಾವ ಮುಖ ಇಟ್ಟುಕೊಂಡು ಓಡಾಡಲಿ? ಈ ಸಲ ಆಕೆಯನ್ನು ಕಾರಿನಲ್ಲೇ ಕರೆದುಕೊಂಡು ಹೋಗಿ, ಕಡೆಯ ಪಂಕ್ತಿಯವರೆಗೂ ಇದ್ದು, ಬಿಸಿ ಹೋಳಿಗೆ ಉಂಡು, ಕತ್ತಲಲ್ಲೇ ಕಾರಿನಲ್ಲಿ ವಾಪಸು ಕರೆದುಕೊಂಡು ಬರುವುದೆಂದು ಆ ಕ್ಷಣವೇ ತೀರ್ಮಾನಿಸಿದೆ.

ಬಾಗಲಕೋಟೆಯಲ್ಲಿ ಕಾರಿನ ಸೀಟು, ಹಾರ್ನು, ದೀಪ ಇತ್ಯಾದಿ ಅಲಂಕಾರಗಳಿಗೆಲ್ಲ ದಾದಾಪೀರನ ಅಂಗಡಿ ಇದೆ. ಗಿರಾಕಿಯ ಮಾತಿಗೆ ಇಲ್ಲ ಎನ್ನುವುದು ದಾದಾಪೀರನ ಜಾಯಮಾನದಲ್ಲೇ ಇಲ್ಲ. ನಾನು ಕಷ್ಟ ಹೇಳಿಕೊಂಡ ಕೂಡಲೇ ಅವನು ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಹಳದಿ ಗಾಜಿನ ಮೇಲೆ ಬೆರಳಾಡಿಸಿ, ಲೊಚಗುಟ್ಟಿದ. "ಪಾಪ, ಇದರಾಗ ಹೆಂಗ ಓಡಸ್ತೀರಿ ಸರ? ಇದು ಲೈಟ್ ಅಲ್ರಿ, ಊದಿನಕಡ್ಡಿ" ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಕಣ್ಣಿನ ಪಕ್ಷದವರು ಈ ಮಾತು ಕೇಳಲು ಅಲ್ಲಿ ಇರಬೇಕಿತ್ತು. ಅವನು ಎರಡು ಹೊಸ ಹೆಡ್‌ಲೈಟುಗಳನ್ನು ತಂದು ತೋರಿಸಿದ. ಒಳಗೆ ಗೋಲಿಯಂಥ ದಪ್ಪ ಗಾಜು, ಸುತ್ತ ಬೆಳ್ಳಿಯ ಬಳೆಯಂಥ ಅಂಚು. ಅವುಗಳಿಗೆ ಎಚ್‌ಐಡಿ ಎಂಬ ಬಲ್ಬು ಹಾಕಬೇಕಂತೆ. ಆ ಬಲ್ಬಿನಲ್ಲಿ ತಂತಿಯೇ ಇರುವುದಿಲ್ಲ, ಒಳಗಿನ ಗ್ಯಾಸು ಉರಿಯುತ್ತದೆ, ಅದಕ್ಕೆ ಕರೆಂಟು ಏರಿಸಿ ಕೊಡಲು ಒಂದು ಸಣ್ಣ ಡಬ್ಬಿ ಬೇರೆ ಇರುತ್ತದೆ ಎಂದು ವಿವರಿಸಿದ. ನನಗೆ ಅರ್ಥವಾಗಿದ್ದು ಅವನ ಕಡೆಯ ಮಾತೊಂದೇ. "ರಾತ್ರಿ ಅನ್ನೂದು ಮರತ ಬಿಡ್ತೀರಿ ಸರ!"

ಸಂಜೆಯ ಹೊತ್ತಿಗೆ ಜೋಡಣೆ ಮುಗಿಯಿತು. ಬಾನೆಟ್ಟಿನೊಳಗೆ ಅವನು ಡಬ್ಬಿಗಳನ್ನು ಬಿಗಿದು, ವೈರುಗಳನ್ನು ಕಟ್ಟಿ, ಎದುರಿನ ಗೋಡೆಗೆ ಮುಖಮಾಡಿ ಕಾರು ನಿಲ್ಲಿಸಿ ಸ್ವಿಚ್ಚು ಹಾಕಿದ. ಮೊದಲು ನೇರಳೆ ಬಣ್ಣದ ಮಿಂಚು ಫಳಕ್ಕೆಂದಿತು, ನೀಲಿಯಾಯಿತು, ನೋಡನೋಡುತ್ತಿದ್ದಂತೆ ಬೆಳ್ಳಗೆ ಅರಳಿ ನಿಂತಿತು. ಗೋಡೆಯ ಮೇಲೆ ಯಾರೋ ಎಂದೋ ಸುಣ್ಣ ಬಳಿದು ಅಳಿಸಿದ್ದ ಹಳೆಯ ಚುನಾವಣೆಯ ಅಕ್ಷರಗಳೂ ಎದ್ದು ಕಂಡವು. ದಾದಾಪೀರ ಸ್ಕ್ರೂಡ್ರೈವರಿನಿಂದ ಬೆಳಕನ್ನು ಕೆಳಗೆ ಇಳಿಸತೊಡಗಿದ. "ಇಷ್ಟಕ್ಕ ಇಟ್ರ ಎದುರಿನವರಿಗೂ ಆರಾಮ" ಎಂದ. ನನಗೆ ಸಂಕಟವಾಯಿತು. ಇಷ್ಟು ಚೆಂದದ ಬೆಳಕನ್ನು ನೆಲಕ್ಕೆ ಸುರಿಯುವುದೇ? "ಒಂಚೂರು ಮ್ಯಾಲ ಮಾಡೋ" ಎಂದೆ. ಮಾಡಿದ. "ಇನ್ನೊಂಚೂರು" ಎಂದೆ. ಅವನು ಒಂದು ಸಲ ನನ್ನ ಮುಖ ನೋಡಿ, "ನಿಮ್ಮ ಬೆಳಕು, ನಿಮ್ಮ ಖುಷಿ ಸರ" ಎಂದು ಮತ್ತೂ ಮೇಲೆ ಮಾಡಿದ. ಗೋಡೆಯಾಚೆಯ ಬೇವಿನ ಮರದಲ್ಲಿ ಆಗಷ್ಟೇ ಕಣ್ಣುಮುಚ್ಚಿದ್ದ ಕಾಗೆಗಳು ಬೆಳಗಾಯಿತೆಂದು ಎದ್ದು ಕೂಗತೊಡಗಿದವು. ನಾನು ಸಾಕು ಎಂದೆ.

ಹೊಸದೇನೇ ಬಂದರೂ ತುಳಸಿಗೇರಿಯ ಹನುಮಪ್ಪನಿಗೆ ತೋರಿಸಿಕೊಂಡು ಬರುವುದು ನಮ್ಮ ಮನೆಯ ಪದ್ಧತಿ. ಮುಂದಿನ ಶನಿವಾರ ಒಬ್ಬನೇ ಹೋಗಿ, ಎರಡೂ ದೀಪಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಬೇಕೆಂದೇ ಕತ್ತಲಾಗುವವರೆಗೆ ಗುಡಿಯ ಕಟ್ಟೆಯ ಮೇಲೆ ಕುಳಿತು ಹೊರಟೆ. ಆ ಪ್ರಯಾಣದ ಸುಖವನ್ನು ಹೇಗೆ ಹೇಳಲಿ! ರಸ್ತೆಯೆಂಬುದು ಅಂಗೈಯಂತೆ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಿನ ಸುಖ ಇನ್ನೊಂದಿತ್ತು. ಎದುರಿಗೆ ಬಂದ ಪ್ರತಿಯೊಂದು ಗಾಡಿಯೂ ನನಗೆ ಡಿಪ್ಪರ್ ಹೊಡೆಯತೊಡಗಿತು. ಡಿಪ್ಪರ್ ಎಂದರೆ ದೀಪವನ್ನು ಪಕಪಕನೆ ಮೇಲೆ ಕೆಳಗೆ ಮಾಡುವುದು. ನಮ್ಮ ಕಡೆ ಪರಿಚಯದವರು ಎದುರಾದರೆ ಹಾಗೆಯೇ ನಮಸ್ಕಾರ ಹೇಳುವ ರೂಢಿ. ನಾನು ಬಹಳ ವರ್ಷ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಮುಳುಗಡೆಯಾದವರಿಗೆ ನಿವೇಶನ ಹಂಚುವ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ನನ್ನ ಮೇಜಿನ ಮುಂದೆ ನಿಲ್ಲದ ಮನೆತನ ಹಳೆಯ ಬಾಗಲಕೋಟೆಯಲ್ಲಿ ಕಡಿಮೆ. ಅವರೆಲ್ಲ ನನ್ನನ್ನು ಇನ್ನೂ ಮರೆತಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು. ಬೈಕಿನವರು, ಟಂಟಂ ಆಟೋದವರು, ಕಬ್ಬಿನ ಟ್ರಾಕ್ಟರಿನವರು, ಎಲ್ಲರೂ ಡಿಪ್ಪರ್ ಹೊಡೆದರು. ಕೆಲವರಂತೂ ಕೈಯನ್ನೂ ಎತ್ತಿದರು, ಏನೋ ಕೂಗಿಯೂ ಹೇಳಿದರು. ನಾನು ಒಬ್ಬರನ್ನೂ ಬಿಡದೆ ತಿರುಗಿ ಡಿಪ್ಪರ್ ಹೊಡೆದು, ಕೈಯೆತ್ತಿ, ಮುಗುಳ್ನಕ್ಕು ಮನೆ ಮುಟ್ಟಿದೆ.

ತೊಟ್ಟಿಲ ಕಾರ್ಯದ ದಿನ ಸುಮಂಗಲಾ ಒಂದು ಷರತ್ತಿನ ಮೇಲೆ ಕಾರು ಹತ್ತಿದಳು. ಹೋಗುವಾಗ ಬೆಳಕಿರುವಾಗಲೇ ಇಳಕಲ್ಲು ಮುಟ್ಟಬೇಕು, ಬರುವ ವಿಚಾರ ಅಲ್ಲಿ ನೋಡೋಣ. ಕಾಲಬಳಿ ಆಕೆಯ ಸಣ್ಣ ಚೀಲವಿತ್ತು. ಅದರಲ್ಲಿ ಮರುದಿನ ಉಡುವ ಸೀರೆ ಇರುವುದನ್ನು ನಾನು ನೋಡಿಯೂ ನೋಡದಂತೆ ಮಾಡಿದೆ. ಕತ್ತಲಲ್ಲಿ ಒಂದು ಸಲ ಈ ದೀಪ ನೋಡಿದರೆ ಆ ಸೀರೆಯನ್ನು ಚೀಲದಿಂದ ತೆಗೆಯುವ ಪ್ರಸಂಗವೇ ಬರುವುದಿಲ್ಲ ಎಂಬ ಧೈರ್ಯ ನನಗೆ. ಹಾಗೆ ನೋಡಲು ಕತ್ತಲಾಗಬೇಕಲ್ಲ? ಅದಕ್ಕಾಗಿ ಅಮೀನಗಡದಲ್ಲಿ ಕರದಂಟು ಕೊಳ್ಳಲು ಇಳಿದೆ. ಕೂಸಿನ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಒಂದು ಅಂಗಡಿಯಲ್ಲಿ ರುಚಿ ನೋಡಿದೆ, ಇನ್ನೊಂದು ಅಂಗಡಿಯಲ್ಲಿ ರುಚಿ ನೋಡಿದೆ, ಮತ್ತೆ ಮೊದಲನೆಯ ಅಂಗಡಿಗೆ ಬಂದೆ. ಚಹಾ ಕುಡಿದೆ. ಟಯರಿನ ಗಾಳಿ ಒತ್ತಿ ನೋಡಿದೆ. ಸುಮಂಗಲಾ ಕಾರಿನೊಳಗಿಂದ, "ಕರದಂಟ ತಗೊಳ್ಳಾಕ ಹೋದ್ರೋ, ಮಾಡಾಕ ಹೋದ್ರೋ?" ಎಂದು ಕೇಳುವವರೆಗೆ ಹೊತ್ತು ಕಳೆದೆ. ಹುನಗುಂದ ಹಿಂದೆ ಬಿಡುವ ಹೊತ್ತಿಗೆ ಸೂರ್ಯ ನನ್ನ ಇಚ್ಛೆಯಂತೆಯೇ ಮುಳುಗಿದ್ದ.

ನಾನು ಸ್ವಿಚ್ಚು ಹಾಕಿದೆ. ನೇರಳೆ, ನೀಲಿ, ಬಿಳಿ. "ಹೆಂಗೈತಿ?" ಎಂದೆ. ಆಕೆ ಸೀಟಿಗೆ ಸ್ವಲ್ಪ ಒರಗಿದಳು. ಆಕೆ ಒರಗುವುದೆಂದರೆ ಸಣ್ಣ ಮಾತಲ್ಲ. ನನ್ನ ಪಕ್ಕದಲ್ಲಿ ಆಕೆ ಯಾವಾಗಲೂ ಕೂತಿರುವುದು ಮುಂದೆ ಬಾಗಿ, ಬಾಗಿಲಿನ ಹಿಡಿಕೆ ಹಿಡಿದೇ. ಅಷ್ಟರಲ್ಲಿ ಎದುರಿನ ಲಾರಿ ಡಿಪ್ಪರ್ ಹೊಡೆಯಿತು. ನಾನು ತಿರುಗಿ ಹೊಡೆದು ಕೈಯೆತ್ತಿದೆ.

"ಯಾರವರು?" ಎಂದಳು.

"ಗುರ್ತಿನವರು" ಎಂದೆ.

ಹಿಂದೆಯೇ ಒಂದು ಜೀಪು, ಅದರ ಹಿಂದೆ ಎರಡು ಬೈಕು. ಎಲ್ಲರಿಗೂ ಡಿಪ್ಪರ್ ಹೊಡೆದು ಕೈಯೆತ್ತಿದೆ. "ಇವರೂ ಗುರ್ತಿನವ್ರೇನ್ರಿ?" ಎಂದಳು. "ಮುಳುಗಡಿ ಮಂದಿ. ಭಾಳ ವಿಶ್ವಾಸದವರು" ಎಂದೆ. ಆಮೇಲೊಂದು ಸರಕಾರಿ ಬಸ್ಸು ಬಂತು. ಅದೂ ಡಿಪ್ಪರ್ ಹೊಡೆಯಿತು, ನಾನೂ ಹೊಡೆದೆ. ಅದು ಮತ್ತೆ ಹೊಡೆಯಿತು, ನಾನು ಇನ್ನೂ ಪ್ರೀತಿಯಿಂದ ಹೊಡೆದೆ. ಬಸ್ಸು ನನ್ನ ಪಕ್ಕಕ್ಕೇ ಬಂದು ನಿಂತುಬಿಟ್ಟಿತು. ಹಳೆಯ ಪರಿಚಯದವನೇ ಇರಬೇಕೆಂದು ನಾನು ಕಿಟಕಿಯ ಗಾಜು ಇಳಿಸಿ, ಮೊದಲೇ ನಮಸ್ಕಾರ ಮಾಡಿದೆ. ಡ್ರೈವರು ಕಣ್ಣು ಉಜ್ಜಿಕೊಳ್ಳುತ್ತ ಮೇಲಿನಿಂದ ಬಗ್ಗಿ, "ಏನ್ರೀ ಯಜಮಾನ್ರ, ಕಾರಿಗೆ ಸೂರ್ಯಾನ್ನ ಕಟಗೊಂಡು ಹೊಂಟೀರೇನು? ಆಗಿಂದ ಲೈಟ್ ಇಳಸ್ರಿ ಇಳಸ್ರಿ ಅಂತ ಬಡ್ಕೊಳ್ಳಾಕತ್ತೀನಿ, ನೀವು ನೋಡಿದ್ರ ಕೈ ಎತ್ತಿ ಆಶೀರ್ವಾದ ಮಾಡಾಕತ್ತೀರಿ!" ಎಂದ. ಬಸ್ಸಿನ ಕಿಟಕಿಗಳಲ್ಲಿ ನಗು ಹಬ್ಬಿತು. ಬಸ್ಸು ಹೋಯಿತು. ಆಮೇಲೆ ಸುಮಂಗಲಾ ಸೆರಗು ಬಾಯಿಗಿಟ್ಟುಕೊಂಡು, ಭುಜ ಕುಣಿಸುತ್ತ, "ಭಾಳ ವಿಶ್ವಾಸದವರು" ಎಂದಳು. ತುಳಸಿಗೇರಿಯ ರಸ್ತೆಯಲ್ಲಿ ನನ್ನ ಕಣ್ಣು ತುಂಬಿಸಿದವರೆಲ್ಲ ಅಂದು ಕೂಗಿ ಏನು ಹೇಳಿದ್ದರೆಂಬುದು ಆಗ ನನಗೆ ಹೊಳೆಯಿತು. ಉಳಿದ ದಾರಿಯನ್ನು ದೀಪ ಇಳಿಸಿಕೊಂಡೇ ಸಾಗಿದೆ. ಇಳಿಸಿದರೂ ಅದು ಎದುರಿನವರ ಎದೆಯ ಮಟ್ಟಕ್ಕಿಂತ ಕೆಳಗೆ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಅತ್ತೆಯ ಮನೆಯ ಓಣಿಗೆ ಕಾರು ಹೊರಳಿದಾಗ ಹೊಸ್ತಿಲಲ್ಲಿ ನಿಂತಿದ್ದ ನನ್ನ ಅತ್ತೆ ಎರಡೂ ಕೈ ಮುಗಿದು, ಕಣ್ಣುಮುಚ್ಚಿ, ತಲೆಬಾಗಿಸಿದರು. ಅಳಿಯನಿಗೆ ಇಷ್ಟು ಮರ್ಯಾದೆಯೇ ಎಂದು ನಾನು ಗಡಬಡಿಸಿ ಇಳಿದು ಅವರ ಕಾಲಿಗೆರಗಿದೆ. "ಅಯ್ಯ, ನೀವೇನಪಾ? ಮುಸ್ಸಂಜಿ ದೀಪ ಕಂಡ ಕೂಡ್ಲೇ ಕೈ ಮುಗದ್ಯಾ, ಒಳಗ ಯಾರದಾರಂತ ಎಲ್ಲಿ ಕಾಣ್ತೈತಿ!" ಎಂದರು. ಸಂಜೆ ಮೊದಲ ದೀಪ ಕಂಡಾಗ ಕೈಮುಗಿಯುವುದು ಅವರ ಕಾಲದವರ ರೂಢಿ. ಆ ದಿನ ಎರಡನೆಯ ಸಲ ನಾನು ನನಗೆ ಸಲ್ಲದ ನಮಸ್ಕಾರವನ್ನು ನನ್ನ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಓಣಿಯಲ್ಲೇ ಪೆಂಡಾಲು ಹಾಕಿದ್ದರು. ನಡುವೆ ಹೂ ಸುತ್ತಿದ ತೊಟ್ಟಿಲು. ಒಂದು ಮೂಲೆಯಲ್ಲಿ ಬುಟ್ಟಿಗಟ್ಟಲೆ ಗುಗ್ಗರಿ, ಹಿಂದುಗಡೆಯಿಂದ ಹೋಳಿಗೆಯ ವಾಸನೆ. ನಾನು ಬಾದಾಮಿಯನ್ನು ಮರೆತೆ. ಎಲ್ಲರೂ ಸೇರಿ, ಇನ್ನೇನು ಕೂಸನ್ನು ತೊಟ್ಟಿಲಿಗೆ ಹಾಕಬೇಕು, ಆಗ ಕರೆಂಟು ಹೋಯಿತು. ಇಡೀ ಓಣಿ ಹೋ ಎಂದಿತು. ಮನೆಯೊಳಗಿನ ಇನ್ವರ್ಟರು ಪೆಂಡಾಲಿಗೆ ಬರುವಂತಿರಲಿಲ್ಲ. ಒಂದಿಬ್ಬರು ಮೊಬೈಲಿನ ಬೆಳಕು ಹಿಡಿದರು. ಅದರಲ್ಲಿ ಕೂಸು ಯಾವುದು ದಿಂಬು ಯಾವುದು ತಿಳಿಯುವಂತಿರಲಿಲ್ಲ. ಮಲ್ಲಣ್ಣ ನನ್ನನ್ನು ಹುಡುಕಿಕೊಂಡು ಓಡಿಬಂದ. "ಮಾಮಾ, ಹೊಸಾ ಲೈಟ್ ಹಾಕ್ಸೀರಂತಲ್ಲ, ಕಾರ್ ಒಂಚೂರು ಪೆಂಡಾಲಿನ ಕಡೆ ಹೊಳ್ಳಸ್ರಿ!" ಎಂದ.

ಜೀವನದಲ್ಲಿ ಕೆಲವು ಕರೆಗಳಿಗಾಗಿಯೇ ಮನುಷ್ಯ ಹುಟ್ಟಿರುತ್ತಾನೆ. ನಾನು ಕಾರು ತಿರುಗಿಸಿ, ಪೆಂಡಾಲಿಗೆ ಎದುರಾಗಿ ನಿಲ್ಲಿಸಿ, ಸ್ವಿಚ್ಚು ಹಾಕಿದೆ. ನೇರಳೆ, ನೀಲಿ, ಬಿಳಿ. ಪೆಂಡಾಲಿನಲ್ಲಿದ್ದ ಅಷ್ಟೂ ಜನ ಒಟ್ಟಿಗೆ ಕಣ್ಣುಮುಚ್ಚಿದರು. ಹೆಂಗಸರು ಸೆರಗು ಮುಖಕ್ಕೆ ಹಿಡಿದರು. ಕೂಸು ಕಿಟಾರನೆ ಕಿರುಚಿತು. "ಯವ್ವಾ, ಆರಸ್ರಿ!" ಎಂದು ಒಬ್ಬರು, "ಬ್ಯಾಡ್ರಿ, ಇರ್ಲಿ!" ಎಂದು ಇನ್ನೊಬ್ಬರು. ಆಗ ನನ್ನ ಅತ್ತೆ ಒಳಗೆ ಹೋಗಿ, ಬಾಣಂತಿಗೆಂದು ತಂದಿಟ್ಟಿದ್ದ ಹೊಸ ಇಳಕಲ್ ಸೀರೆಯನ್ನು ಮಡಿಕೆ ಬಿಚ್ಚಿ ತಂದರು. ಕಾರಿಗೂ ಪೆಂಡಾಲಿಗೂ ನಡುವೆ ಹಗ್ಗ ಕಟ್ಟಿಸಿ ಅದನ್ನು ಇಳಿಬಿಟ್ಟರು. ದಾಳಿಂಬೆ ಬಣ್ಣದ ಸೀರೆ. ಅದರಿಂದ ಸೋಸಿ ಬಂದ ಬೆಳಕು ಪೆಂಡಾಲಿನ ತುಂಬ ಕುಂಕುಮದ ನೀರಿನಂತೆ ಹರಡಿತು. ಮುಖಗಳೆಲ್ಲ ಕೆಂಪಗೆ, ಚೆಂದಗೆ ಕಂಡವು. ವರ್ಷಗಟ್ಟಲೆ ಮಾತು ಬಿಟ್ಟವರು ಕೂಡ ಆ ಬೆಳಕಿನಲ್ಲಿ ಒಬ್ಬರಿಗೊಬ್ಬರು ಒಳ್ಳೆಯವರಾಗಿ ಕಂಡಿರಬೇಕು. ಕೂಸು ಅಳು ನಿಲ್ಲಿಸಿ, ಬೆರಳು ಚೀಪುತ್ತ, ಸೀರೆಯನ್ನೇ ನೋಡತೊಡಗಿತು. ಸುಮಂಗಲಾ ತೊಟ್ಟಿಲಿಗೆ ಬಾಗಿ ಅದರ ಕಿವಿಯಲ್ಲಿ ಹೆಸರು ಉಸುರಿದಳು. ನಾದಿನಿಯರು, ಅತ್ತಿಗೆಯರು ಎಲ್ಲ ಸೇರಿ "ಕುರ್ರ್" ಎನ್ನುತ್ತ ಪದ್ಧತಿಯಂತೆ ಆಕೆಯ ಬೆನ್ನಿಗೆ ಗುದ್ದಿದರು. ಆಕೆ ನಗುತ್ತ ಗುದ್ದು ತಿಂದಳು. ಇದೆಲ್ಲ ನನ್ನ ಬೆಳಕಿನಲ್ಲಿ ಆಗುತ್ತಿದೆಯಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ಆ ಸಂತೋಷವನ್ನು ನಾನು ಕಾರಿನೊಳಗೆ ಕುಳಿತು ಅನುಭವಿಸಿದೆ.

ಏಕೆಂದರೆ ಇಳಿಯುವಂತಿರಲಿಲ್ಲ. ಓಣಿ ಪೆಂಡಾಲಿನ ಕಡೆ ಇಳಿಜಾರಾಗಿತ್ತು. ನನ್ನ ಕಾರಿನ ಹ್ಯಾಂಡ್‌ಬ್ರೇಕು ಹೇಳಿದ ಮಾತು ಕೇಳುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ದೀಪಕ್ಕೆ ತೋರಿಸಿದ ಉತ್ಸಾಹದಲ್ಲಿ ಕಾಲುಭಾಗವನ್ನು ಬ್ರೇಕಿಗೆ ತೋರಿಸಿದ್ದರೆ ನಾನು ಆಗ ಗುಗ್ಗರಿಯ ಬುಟ್ಟಿಯ ಹತ್ತಿರ ಇರುತ್ತಿದ್ದೆ. ಬ್ರೇಕಿನ ಮೇಲಿನ ಕಾಲು ತೆಗೆದರೆ ಕಾರು ಸೀದಾ ತೊಟ್ಟಿಲಿಗೆ. ಅಷ್ಟರಲ್ಲಿ ಹಿಂದಿನ ಮನೆಯ ಅಜ್ಜ ಬಂದು, ಹೊಗೆಯೆಲ್ಲ ತಮ್ಮ ಪಡಸಾಲೆಗೆ ಬರುತ್ತಿದೆ ಎಂದರು. ಇಂಜಿನ್ನು ನಿಲ್ಲಿಸಿದೆ. ದೀಪ ಬ್ಯಾಟರಿಯ ಮೇಲೆ ಉರಿಯಿತು. ಪೆಂಡಾಲಿನಲ್ಲಿ ಎಲೆ ಹಾಕಿದರು. ಮೊದಲ ಪಂಕ್ತಿ ಕುಳಿತಿತು. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅದರ ಮೇಲೆ ಹೋಳಿಗೆ, ತುಪ್ಪ. ಪ್ರತಿಯೊಂದು ಪದಾರ್ಥವೂ ನನ್ನ ಬೆಳಕಿನಲ್ಲಿ ನನ್ನ ಮುಂದೆ ಹಾದುಹೋಗಿ ಬೇರೆಯವರ ಎಲೆಗೆ ಬಿತ್ತು. ಎರಡನೆಯ ಪಂಕ್ತಿಯೂ ಎದ್ದಿತು. ಕತ್ತಲಾದ ಮೇಲೂ ಉಳಿದು ಊಟ ಮಾಡಬೇಕೆಂದು ದೀಪ ಹಾಕಿಸಿದವನು ನಾನು. ಉಳಿಯುವುದೇನೋ ಉಳಿದೆ.

ಆಗ ಪೆಂಡಾಲಿನ ನಡುವಿನಿಂದ ಯಾರೋ ಒಬ್ಬ ಹೆಂಗಸು ನನ್ನ ಕಡೆ ಕೈ ಬೀಸುತ್ತಿರುವುದು ಸೀರೆಯ ಪಕ್ಕದಿಂದ ಕಾಣಿಸಿತು. ಅತ್ತೆಯವರೇ, ಬೆಳಕು ಸಾಲುತ್ತಿಲ್ಲ ಎನ್ನುತ್ತಿದ್ದಾರೆ ಎಂದುಕೊಂಡೆ. ಕೂಡಲೇ ದೀಪ ಮೇಲಕ್ಕೆ ಎತ್ತಿದೆ. ಬೆಳಕು ಸೀರೆಯನ್ನು ದಾಟಿ ಪೆಂಡಾಲಿಗೆ ನುಗ್ಗಿತು. ತುಪ್ಪ ಬಡಿಸುತ್ತಿದ್ದ ಮಲ್ಲಣ್ಣ ಕಣ್ಣು ಕತ್ತಲುಗಟ್ಟಿ ಒಬ್ಬ ಹಿರಿಯರ ಕಟ್ಟಿನ ಸಾರಿಗೆ ತುಪ್ಪ ಸುರಿದ. ಅವರು ಬೇಡ ಎನ್ನಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕೈ ಬೀಸಿದ ಹೆಂಗಸು ದಡದಡನೆ ಕಾರಿನ ಬಳಿಗೆ ಬಂದಳು. ಸುಮಂಗಲಾ!

"ಊಟಕ್ಕ ಬರ್ರಿ ಅಂತ ಕೈ ಮಾಡಿದ್ರ ಮಾರಿಗೆ ಲೈಟ್ ಹೊಡೀತೀರಲ್ರಿ!"

"ನೀ ಅಂತ ಗೊತ್ತಾಗ್ಲಿಲ್ಲ."

"ಮತ್ತ ಯಾರಂತ ತಿಳಕೊಂಡ್ರಿ?"

ನಾನು ಸುಳ್ಳು ಹೇಳಬಹುದಿತ್ತು. ಹಸಿವೆಯಲ್ಲಿ ಸುಳ್ಳು ಹೊಳೆಯಲಿಲ್ಲ. "ಅತ್ತಿಯವರು ಅಂತ..." ಎಂದೆ.

ಆಕೆ ಒಮ್ಮೆ ಪೆಂಡಾಲನ್ನು ನೋಡಿದಳು. ನಾಲ್ಕು ಹೆಜ್ಜೆ ದೂರ ಎನ್ನುವಷ್ಟು ಹತ್ತಿರ. ಅದರ ಮೇಲೆ ಬೀಳುತ್ತಿದ್ದ ಬೆಳಕನ್ನು ನೋಡಿದಳು. ಅದರಲ್ಲಿ ಸೂಜಿಗೆ ದಾರ ಪೋಣಿಸಬಹುದಿತ್ತು. ಆಮೇಲೆ ನನ್ನನ್ನು ನೋಡಿದಳು. ಕಣ್ಣಿನ ಪಕ್ಷ ಗೆದ್ದಿತ್ತು. ಅದನ್ನು ಬಾಯಿಬಿಟ್ಟು ಹೇಳದೆ ಆಕೆ ಗೋಡೆಯ ಬದಿಗೆ ಹೋಗಿ, ಒಂದು ಕೆಂಪು ಗ್ರ್ಯಾನೈಟಿನ ತುಂಡನ್ನು ಉರುಳಿಸಿಕೊಂಡು ಬಂದು, ಮುಂದಿನ ಗಾಲಿಯ ಅಡಿಗೆ ಇಟ್ಟಳು. ಇಳಕಲ್ಲಿನಲ್ಲಿ ಗ್ರ್ಯಾನೈಟಿಗೆ ಬರವಿಲ್ಲ. ಇಷ್ಟು ಹೊತ್ತು ಅದು ನನ್ನ ಕಾರಿನ ಪಕ್ಕದಲ್ಲೇ ಬಿದ್ದಿತ್ತು. ನಾನು ಅದನ್ನು ಮಲಗಿದ ಕರು ಎಂದುಕೊಂಡಿದ್ದೆ. ಇದನ್ನು ಆಕೆಗೆ ಇವತ್ತಿನವರೆಗೂ ಹೇಳಿಲ್ಲ.

"ಇಳೀರಿ ಈಗ. ಹೋಳಿಗಿ ಆರ್ತಾವು."

ಕಡೆಯ ಪಂಕ್ತಿಯಲ್ಲಿ ಕುಳಿತೆ. ಅತ್ತೆ ಬಿಸಿ ಹೋಳಿಗೆಯನ್ನು ಎಲೆಗೆ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಬಿಟ್ಟರು. ನಾನು ಮೊದಲ ತುತ್ತು ಮುರಿದೆ. ಹಿಂದುಗಡೆ ಎರಡೂ ದೀಪಗಳು ಬಿಳಿಯಿಂದ ನೀಲಿಗೆ, ನೀಲಿಯಿಂದ ನೇರಳೆಗೆ ಇಳಿದು, ಒಂದು ಸಲ ಮಿಣಕ್ಕೆಂದು ಆರಿಹೋದವು. ಹಳೆಯ ಬ್ಯಾಟರಿ ಅದರ ಶಕ್ತಿ ಮೀರಿ ದುಡಿದಿತ್ತು. ಮತ್ತೆ ಓಣಿ ಹೋ ಎಂದಿತು. ಸುಮಂಗಲಾ ತೊಟ್ಟಿಲಿನ ಮುಂದೆ ಹಚ್ಚಿಟ್ಟಿದ್ದ ಎಣ್ಣೆಯ ದೀಪವನ್ನು ತಂದು ನನ್ನ ಎಲೆಯ ಪಕ್ಕದಲ್ಲಿಟ್ಟು, ಎದುರಿಗೆ ಕುಳಿತಳು. "ಕಾಣ್ತೈತಿಲ್ಲ?" ಎಂದಳು. ಕಂಡಿತು. ಹೋಳಿಗೆ ಕಂಡಿತು, ಅದರ ಮೇಲಿನ ತುಪ್ಪದ ಹೊಳಪು ಕಂಡಿತು, ಇಷ್ಟು ಹತ್ತಿರ ಕುಳಿತಿದ್ದರಿಂದ ಆಕೆಯ ಮುಖವೂ ಸ್ಪಷ್ಟವಾಗಿ ಕಂಡಿತು. ಅಂಥ ಊಟವನ್ನು ನಾನು ಈಚೆಗೆ ಉಂಡಿರಲಿಲ್ಲ.

ಆ ರಾತ್ರಿ ಪಡಸಾಲೆಯ ಜಮಖಾನೆಯ ಮೇಲೆ ಉರುಳಿ, ಬೆಳಿಗ್ಗೆ ಸೂಸಲ ತಿಂದು, ಮಲ್ಲಣ್ಣನ ಬೈಕಿನ ಹಿಂದೆ ಕುಳಿತು ಹೋಗಿ ಮೆಕ್ಯಾನಿಕ್ಕನ್ನು ಕರೆತಂದು, ಕಾರಿಗೆ ಜೀವ ಬರಿಸಿ, ಹಾಡುಹಗಲಲ್ಲಿ ಬಾಗಲಕೋಟೆಗೆ ಮರಳಿದೆವು. ಸುಮಂಗಲಾ ಚೀಲದಲ್ಲಿದ್ದ ಸೀರೆ ಉಟ್ಟಿದ್ದಳು. ಆಕೆಯ ಕಾಯಿದೆ ಹೆಚ್ಚೂಕಡಿಮೆ ಮುರಿಯದೆ ಉಳಿಯಿತು. ಊರು ಮುಟ್ಟಿದ ಮೇಲೆ ಕಾರನ್ನು ಮನೆಯ ಕಡೆ ತಿರುಗಿಸಲು ಹೋದೆ. "ಬಲಕ್ಕ ಹೊಳ್ಳಸ್ರಿ" ಎಂದಳು. ಬಲಕ್ಕೆ ಕಣ್ಣಿನ ದವಾಖಾನೆ ಇತ್ತು. ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಮೇಲಿನ ದೊಡ್ಡ ಅಕ್ಷರವನ್ನು ನಿರರ್ಗಳವಾಗಿ ಓದಿದೆ.

ಕನ್ನಡಕ ಬಂದ ದಿನ ದಾದಾಪೀರನಲ್ಲಿಗೆ ಹೋಗಿ ಬೆಳಕನ್ನು ಕೆಳಗಿಳಿಸು ಎಂದೆ. ಹ್ಯಾಂಡ್‌ಬ್ರೇಕನ್ನೂ ಬಿಗಿಸು ಎಂದೆ. ಎಷ್ಟು ಕೆಳಗೆ ಎಂದು ಕೇಳಿದ. ಕಾಗೆ ಏಳದಷ್ಟು ಎಂದೆ. ಕೊನೆಗೆ ಆ ಬಲ್ಬುಗಳನ್ನೂ ತೆಗೆಸಿ ಹಳೆಯ ನಮೂನೆಯವನ್ನೇ ಹಾಕಿಸಿದೆ. ಮೊದಲ ಸಂಜೆ ಅವುಗಳ ಬೆಳಕಿನಲ್ಲಿ ರಸ್ತೆಗೆ ಇಳಿದಾಗ, ಹೇಳಲು ನಾಚಿಕೆಯಾಗುತ್ತದೆ, ಎಲ್ಲ ಕಂಡಿತು. ಎಮ್ಮೆ ಎಮ್ಮೆಯಾಗಿ, ಜಲ್ಲಿ ಜಲ್ಲಿಯಾಗಿ ಕಂಡವು.

ಈಚೆಗೆ ಬಾದಾಮಿಯ ಆ ಗೆಳೆಯನೇ ಬಸುರಿ ಮಗಳ ಕುಬಸಕ್ಕೆ ಕರೆದಿದ್ದ. ಕಡೆಯವರೆಗೂ ಇದ್ದು, ಬಿಸಿ ಹೋಳಿಗೆ ಉಂಡು, ಕತ್ತಲಾದ ಮೇಲೆ ಹೊರಟೆವು. ಸುಮಂಗಲಾ ಪಕ್ಕದಲ್ಲಿ ಸೀಟಿಗೆ ಪೂರ್ತಿ ಒರಗಿ, ಅರ್ಧ ನಿದ್ದೆಯಲ್ಲಿದ್ದಳು. ಬಾಗಿಲಿನ ಹಿಡಿಕೆಯ ಮೇಲೆ ಆಕೆಯ ಕೈ ಇರಲಿಲ್ಲ. ಆಗ ಎದುರಿನಿಂದ ಒಂದು ಕಾರು ಬಂತು. ಅಬ್ಬಾ, ಆ ಬೆಳಕು! ಮೊದಲು ನೇರಳೆ, ಆಮೇಲೆ ನೀಲಿ, ಆಮೇಲೆ ರಸ್ತೆಯೂ ಇಲ್ಲ, ಬಾನೆಟ್ಟೂ ಇಲ್ಲ. ನಾನು ಗಾಡಿ ಬದಿಗೆ ಸರಿಸಿ, ಸಿಟ್ಟಿನಿಂದ ಡಿಪ್ಪರ್ ಹೊಡೆದೆ. ಅವನು ತಿರುಗಿ ಹೊಡೆದ. ನಾನು ಮತ್ತೆ ಹೊಡೆದೆ. ಅವನು ಇನ್ನೂ ಪ್ರೀತಿಯಿಂದ ಹೊಡೆದ. ನನ್ನನ್ನು ದಾಟುವಾಗ ಕಿಟಕಿಯಿಂದ ಕೈ ಹೊರಗೆ ಚಾಚಿ, ಹಾರ್ನ್ ಕೂಡ ಒತ್ತಿ, ನಮಸ್ಕಾರ ಮಾಡಿದ. ಬೈಯಲೆಂದು ತೆರೆದ ಬಾಯಿ ಹಾಗೇ ಉಳಿಯಿತು. ನಾನೂ ಕೈಯೆತ್ತಿದೆ.

ಹಾರ್ನಿಗೆ ಸುಮಂಗಲಾಗೆ ಎಚ್ಚರವಾಯಿತು. "ಯಾರ್ರಿ ಅವರು?" ಎಂದಳು.

"ಗುರ್ತಿನವರು" ಎಂದೆ.